ಎಂಜಿನ್ ನಿಂತ ಮೇಲೆ ಗದ್ದೆ ಹುಡುಕಬೇಡಿ: ಟ್ರೈನಿಂಗ್ ವಿಮಾನದ ಫೋರ್ಸ್ಡ್ ಲ್ಯಾಂಡಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಿಂದ ಪೈಲಟ್ ಟ್ರೈನಿಂಗಿಗೆ ಹೊರಟವರ ಮನೆಯಲ್ಲಿ ಅಪ್ಪ ಅಮ್ಮ ಮೊದಲು ಕೇಳುವ ಪ್ರಶ್ನೆ ಇದು: ಒಂದೇ ಎಂಜಿನ್ ಇರುವ ಸಣ್ಣ ವಿಮಾನ, ಅದು ಆಕಾಶದಲ್ಲಿ ನಿಂತುಬಿಟ್ಟರೆ ಗತಿ ಏನು? ಕೇಳಬೇಕಾದ ಪ್ರಶ್ನೆಯೇ. ಉತ್ತರವೂ ಇದೆ. ಎಂಜಿನ್ ನಿಂತ ಸೆಸ್ನಾ (ಟ್ರೈನಿಂಗಿನ ಸಣ್ಣ ವಿಮಾನ) ದೊಪ್ಪನೆ ಬೀಳುವುದಿಲ್ಲ. ಇಳಿಜಾರಿನಲ್ಲಿ ತುಳಿಯದೆ ಬಿಟ್ಟ ಸೈಕಲ್ ಹಾಗೆ, ಇರುವ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಾ ಮುಂದೆ ಸಾಗುತ್ತದೆ. ಆ ಎತ್ತರವನ್ನು ಎಲ್ಲಿ, ಯಾವಾಗ, ಎಷ್ಟು ಖರ್ಚು ಮಾಡಬೇಕು ಅನ್ನುವುದನ್ನು ಕಲಿತರೆ ಮುಕ್ಕಾಲು ಕೆಲಸ ಕಲಿತ ಹಾಗೆ.

ಸೆಸ್ನಾ 152 ಮತ್ತು 172 ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಕೈಪಿಡಿ ಹೇಳಿದ್ದೇ ಕೊನೆ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ ಇದನ್ನೆಲ್ಲ ಪರೀಕ್ಷೆ ಮಾಡಿ ನೋಡಲು ಹೋಗಬೇಡಿ, ದಯವಿಟ್ಟು. ಜಾಗದ ಉದಾಹರಣೆಗಳನ್ನು ಮಾತ್ರ ನಮ್ಮ ಕರಾವಳಿಯಿಂದಲೇ ತೆಗೆದುಕೊಂಡಿದ್ದೇನೆ. ನೀವು ಕಲಿಯುವುದು ಬೆಂಗಳೂರಿನ ಜಕ್ಕೂರಿನಲ್ಲಿ ಇರಬಹುದು, ಬೇರೆ ರಾಜ್ಯದಲ್ಲಿರಬಹುದು. ಆದರೂ ಹುಟ್ಟಿ ಬೆಳೆದ ನೆಲದ ಮೇಲೆ ಯೋಚಿಸಿ ಕಲಿತದ್ದು ಬೇಗ ಮರೆತುಹೋಗುವುದಿಲ್ಲ.

ನಿಮ್ಮ ಹತ್ತಿರ ಎಷ್ಟು ಹೊತ್ತು, ಎಷ್ಟು ದೂರ ಇದೆ?

ಸೆಸ್ನಾ 172 ಸರಿಯಾದ ಗ್ಲೈಡ್ ಸ್ಪೀಡಿನಲ್ಲಿ (ಎಂಜಿನ್ ಇಲ್ಲದೆ ಅತಿ ದೂರ ಜಾರುವ ವೇಗ) ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1.5 ನಾಟಿಕಲ್ ಮೈಲಿ ಹೋಗುತ್ತದೆ. ಅಂದರೆ ಹೆಚ್ಚುಕಡಿಮೆ 2.8 ಕಿಲೋಮೀಟರ್. ನಿಮಿಷಕ್ಕೆ 700 ಅಡಿ ಚಿಲ್ಲರೆ ಇಳಿಯುತ್ತದೆ. ನೆಲದಿಂದ 3000 ಅಡಿ ಮೇಲಿದ್ದರೆ ಸುಮಾರು 4 ನಿಮಿಷ ಇದೆ, 8 ಕಿಲೋಮೀಟರ್ ಇದೆ. ಉಡುಪಿಯ ರಥಬೀದಿ ಮೇಲೆ ಎಂಜಿನ್ ನಿಂತರೆ ಮಲ್ಪೆ ಬೀಚ್ ಕೈಗೆ ಸಿಗುತ್ತದೆ. ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆ ಮೇಲೆ ನಿಂತರೆ ಪಣಂಬೂರು ಬೀಚ್ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಇದು ಗಾಳಿ ಇಲ್ಲದಾಗಿನ ಲೆಕ್ಕ. ಮಧ್ಯಾಹ್ನದ ಮೇಲೆ ಸಮುದ್ರದಿಂದ 10 ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್) ಗಾಳಿ ಎದುರು ಬೀಸುತ್ತಿದ್ದರೆ ಪಶ್ಚಿಮಕ್ಕೆ ಹೋಗುವ ದೂರದಲ್ಲಿ ಸುಮಾರು 15 ಶೇಕಡಾ ಕಳೆದುಕೊಳ್ಳುತ್ತೀರಿ.

"ನೆಲದಿಂದ" ಅನ್ನುವ ಮಾತನ್ನು ಗಮನಿಸಿ. ಆಲ್ಟಿಮೀಟರ್ ತೋರಿಸುವುದು ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ. ಮಲ್ಪೆಯಲ್ಲಿ ಎರಡೂ ಒಂದೇ. ಬಜ್ಪೆಯಲ್ಲಿ ನೆಲವೇ ಸುಮಾರು 340 ಅಡಿ. ಜಕ್ಕೂರಿನಲ್ಲಿ ಸುಮಾರು 3000 ಅಡಿ, ಹಾಗಾಗಿ ಅಲ್ಲಿ ಮುಳ್ಳು 4000 ತೋರಿಸಿದರೆ ಕೆಳಗೆ ಇರುವುದು ಬರೀ 1000 ಅಡಿ, ಒಂದೂವರೆ ನಿಮಿಷವೂ ಇಲ್ಲ. ಹಾರುವ ಜಾಗದ ನೆಲದ ಎತ್ತರವನ್ನು ತೊಡೆಯ ಮೇಲಿನ ಪ್ಯಾಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ಹಾರುವ ಮೊದಲೇ ತಪ್ಪಿಸಬಹುದಾದದ್ದು

ಎಂಜಿನ್ ಒಳಗೆ ಏನೋ ಮುರಿದು ನಿಲ್ಲುವುದಕ್ಕಿಂತ, ಪೆಟ್ರೋಲ್ ಖಾಲಿಯಾಗಿ, ಟ್ಯಾಂಕ್ ಆರಿಸುವ ಸಿಲೆಕ್ಟರ್ ತಪ್ಪು ಟ್ಯಾಂಕಿನಲ್ಲಿದ್ದು, ನೀರು ಸೇರಿ ಅಥವಾ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಐಸ್ ಕಟ್ಟಿ ನಿಂತ ಕಥೆಗಳೇ ಮತ್ತೆ ಮತ್ತೆ ಕೇಳಿಬರುತ್ತವೆ. ಗೇಜನ್ನು ನಂಬಿ ಹೊರಡಬೇಡಿ. ರೆಕ್ಕೆ ಹತ್ತಿ ಕಡ್ಡಿ ಇಳಿಸಿ ಅಳೆಯಿರಿ. ತೇವ ಜಾಸ್ತಿ ಇರುವ ನಮ್ಮಂಥ ಊರಿನಲ್ಲಿ ಅರ್ಧ ಖಾಲಿ ಟ್ಯಾಂಕ್ ರಾತ್ರಿ ಹೊರಗಿದ್ದರೆ ಒಳಗೆ ನೀರಿನ ಹನಿ ಕಟ್ಟುತ್ತದೆ. ನೀರು ಭಾರ, ತಳಕ್ಕೆ ಹೋಗುತ್ತದೆ. ಅದಕ್ಕೇ ಪ್ರತಿ ಡ್ರೈನಿನಿಂದಲೂ ಸ್ಯಾಂಪಲ್ ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ನೀಲಿ ಪೆಟ್ರೋಲಿನ ಕೆಳಗೆ ಬಣ್ಣ ಇಲ್ಲದ ಗುಳ್ಳೆ ಕೂತಿದ್ದರೆ ಅದು ನೀರು. ಸ್ಯಾಂಪಲ್ ಪೂರ್ತಿ ಬಣ್ಣ ಇಲ್ಲದೆ ಬಂದರೆ ಇನ್ನೂ ಕೆಟ್ಟದು, ಅದು ಇಡೀ ನೀರೇ ಆಗಿರಬಹುದು.

ಐಸ್ ವಿಷಯ ಹೇಳಿದರೆ ಕರಾವಳಿಯವರು ನಂಬುವುದಿಲ್ಲ. ಬೆವರು ಸುರಿಯುವ ಊರಿನಲ್ಲಿ ಐಸಾ? ಹೌದು. ಕಾರ್ಬ್ಯುರೇಟರಿನ ಒಳಗೆ ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ಕೊಳವೆಯಲ್ಲಿ ನುಗ್ಗುವಾಗ ಉಷ್ಣತೆ 20 ಡಿಗ್ರಿಗಿಂತ ಜಾಸ್ತಿ ಇಳಿಯಬಹುದು. ಹೊರಗೆ 25 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ, ಅದರಲ್ಲೂ ಪವರ್ ಕಡಿಮೆ ಮಾಡಿ ಇಳಿಯುತ್ತಿದ್ದರೆ, ಐಸ್ ಕಟ್ಟಲು ಬೇಕಾದದ್ದೆಲ್ಲ ಅಲ್ಲಿದೆ. ಕಾರಣ ಇಲ್ಲದೆ ಎಂಜಿನ್ ತಿರುಗುವ ವೇಗ, ಅಂದರೆ ಆರ್‌ಪಿಎಂ ಮೆಲ್ಲಗೆ ಇಳಿಯತೊಡಗುವುದು ಮೊದಲ ಸೂಚನೆ. ಕೂಡಲೇ ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ. ಎಳೆದ ತಕ್ಷಣ ಆರ್‌ಪಿಎಂ ಇನ್ನೂ ಸ್ವಲ್ಪ ಇಳಿಯುತ್ತದೆ, ಕರಗಿದ ನೀರು ಒಳಗೆ ಹೋಗಿ ಎಂಜಿನ್ ಕೆಮ್ಮುತ್ತದೆ. ಇಲ್ಲೇ ಎಷ್ಟೋ ವಿದ್ಯಾರ್ಥಿಗಳು ಹೆದರಿ ಅದನ್ನು ವಾಪಸ್ ಒತ್ತಿಬಿಡುತ್ತಾರೆ. ಒತ್ತಬೇಡಿ. ತಡೆದುಕೊಳ್ಳಿ. ಐಸ್ ಕರಗಿದ ಮೇಲೆ ಆರ್‌ಪಿಎಂ ಮೇಲೆ ಬರುತ್ತದೆ. 172ಆರ್, 172ಎಸ್ ಮಾಡೆಲ್‌ಗಳಲ್ಲಿ ಕಾರ್ಬ್ಯುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇದೆ, ಅವಕ್ಕೆ ಕಾರ್ಬ್ ಹೀಟ್ ಇಲ್ಲ.

ಹೆಜ್ಜೆ 1: ಸ್ಪೀಡ್

ಎಂಜಿನ್ ನಿಂತಿತು. ಮೊದಲ ಕೆಲಸ ಹಾರಿಸುವುದು. ಉಳಿದದ್ದೆಲ್ಲ ಆಮೇಲೆ. ಒಂದೇ ಎತ್ತರದಲ್ಲಿ ಸಾಗುವ ಕ್ರೂಸ್‌ನಲ್ಲಿದ್ದರೆ ಸ್ಪೀಡ್ ಜಾಸ್ತಿ ಇರುತ್ತದೆ, ಎತ್ತರ ಹಿಡಿದುಕೊಂಡು ಅದನ್ನು ಗ್ಲೈಡ್ ಸ್ಪೀಡಿಗೆ ಇಳಿಯಲು ಬಿಡಿ, ಆಮೇಲೆ ಮೂತಿ ಇಳಿಸಿ ಅಲ್ಲೇ ನಿಲ್ಲಿಸಿ. ಮೇಲೇರುತ್ತಿರುವಾಗ ನಿಂತರೆ ಮಾತ್ರ ತಡ ಮಾಡುವ ಹಾಗಿಲ್ಲ, ಮೂತಿ ಎತ್ತಿರುತ್ತದೆ, ಸ್ಪೀಡ್ ಕ್ಷಣದಲ್ಲಿ ಕರಗುತ್ತದೆ, ಆಗಲೇ ಮುಂದಕ್ಕೆ ಒತ್ತಿ. ಸೆಸ್ನಾ 152ಕ್ಕೆ 60 ನಾಟ್, ಹಳೆಯ 172ಗಳಿಗೆ 65, 172ಎಸ್‌ಗೆ 68. ಸ್ಪೀಡ್ ಕೂತ ಮೇಲೆ ಟ್ರಿಮ್ ಮಾಡಿ, ಅಂದರೆ ಕೈ ಬಿಟ್ಟರೂ ಮೂತಿ ಅಲ್ಲೇ ನಿಲ್ಲುವ ಹಾಗೆ ಟ್ರಿಮ್ ಚಕ್ರ ತಿರುಗಿಸಿಡಿ. ಟ್ರಿಮ್ ಮಾಡಿದ ವಿಮಾನ ತಾನಾಗಿ ಆ ಸ್ಪೀಡ್ ಕಾಯುತ್ತದೆ, ನಿಮ್ಮ ಕಣ್ಣು, ಕೈ ಬೇರೆ ಕೆಲಸಕ್ಕೆ ಸಿಗುತ್ತದೆ.

ಗದ್ದೆ ಮುಟ್ಟುವುದಿಲ್ಲ ಅನ್ನಿಸಿದಾಗ ಮೂತಿ ಎತ್ತಿ "ಎಳೆದುಕೊಂಡು ಹೋಗುವ" ಆಸೆ ಎಲ್ಲರಿಗೂ ಬರುತ್ತದೆ. ಗ್ಲೈಡ್ ಸ್ಪೀಡಿಗಿಂತ ಕೆಳಗೆ ಹೋದರೆ ದೂರ ಕಡಿಮೆಯಾಗುತ್ತದೆ, ಜೊತೆಗೆ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದನ್ನೇ ಬಿಟ್ಟುಬಿಡುವ ಸ್ಥಿತಿ, ಹತ್ತಿರ ಬರುತ್ತದೆ. ಹಿಡಿತದಲ್ಲಿರುವ ವಿಮಾನವನ್ನು ಕೆಟ್ಟ ಗದ್ದೆಗೆ ಇಳಿಸಿದವರು ನಡೆದುಕೊಂಡು ಹೊರಗೆ ಬರುವ ಸಾಧ್ಯತೆ ಚೆನ್ನಾಗಿದೆ. ಒಳ್ಳೆಯ ಗದ್ದೆಯ ಮೇಲೆ ಸ್ಟಾಲ್ ಆದವರಿಗೆ ಆ ಮಾತು ಹೇಳಲಾಗದು.

ಹೆಜ್ಜೆ 2: ಜಾಗ

ಈ ಹೆಜ್ಜೆ ನಿಜವಾಗಿ ಎಂಜಿನ್ ನಿಲ್ಲುವ ಮೊದಲೇ ಮುಗಿದಿರಬೇಕು. ಹಾರುತ್ತಿರುವಾಗಲೇ "ಈಗ ನಿಂತರೆ ಎಲ್ಲಿಗೆ?" ಅಂತ ಕೇಳಿಕೊಳ್ಳುತ್ತಾ ಇರಿ. ಆಗ ಎಂಜಿನ್ ನಿಂತಾಗ ನೀವು ಹುಡುಕುವುದಿಲ್ಲ, ಗೊತ್ತಿರುವ ಜಾಗಕ್ಕೆ ತಿರುಗುತ್ತೀರಿ. 4 ನಿಮಿಷದಲ್ಲಿ ಹುಡುಕಾಟದ ಒಂದು ನಿಮಿಷ ಉಳಿತಾಯ ಆಯಿತು.

ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ. ಕರಾವಳಿಯಲ್ಲಿ ಬೆಳಿಗ್ಗೆ ಬೇಗ ನೆಲದ ಕಡೆಯಿಂದ ಮೆಲ್ಲನೆ ಗಾಳಿ, ಬಿಸಿಲೇರಿದ ಮೇಲೆ ಸಮುದ್ರದಿಂದ ಜೋರು ಗಾಳಿ. ಎಲ್ಲೂರಿನ ಪವರ್ ಪ್ಲಾಂಟಿನ ಚಿಮಣಿ ಹೊಗೆ, ತರಗೆಲೆ ಸುಡುವ ಹೊಗೆ, ಕೆರೆಯ ನೀರಿನ ಅಲೆ, ದೋಣಿಗಳ ಬಾವುಟ ಎಲ್ಲವೂ ದಿಕ್ಕು ಹೇಳುತ್ತವೆ. ಇದಕ್ಕೆ ಇಷ್ಟು ಮಹತ್ವ ಯಾಕೆ ಅಂದರೆ, 45 ನಾಟ್‌ನಲ್ಲಿ ನೆಲ ಮುಟ್ಟುವ ವಿಮಾನ 10 ನಾಟ್ ಎದುರುಗಾಳಿಗೆ ಇಳಿದರೆ ನೆಲದ ಮೇಲಿನ ವೇಗ 35, ಬೆನ್ನ ಗಾಳಿಗೆ ಇಳಿದರೆ 55. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಎರಡನೆಯದರಲ್ಲಿ ಅದು ಸುಮಾರು ಎರಡೂವರೆ ಪಟ್ಟು.

ಈಗ ನೆಲ. ನಮ್ಮಲ್ಲಿ ಮೇಲಿನಿಂದ ಹಸಿರಾಗಿ ಕಾಣುವುದೆಲ್ಲ ಗದ್ದೆ ಅಲ್ಲ. ಅಡಿಕೆ ತೋಟ ಮೇಲಿನಿಂದ ಮೆತ್ತನೆಯ ಹಾಸು ತರಹ ಕಾಣುತ್ತದೆ, ಆದರೆ ಮರಗಳನ್ನು ನೆಡುವುದು ಸುಮಾರು 2.7 ಮೀಟರಿಗೊಂದು, 172ರ ರೆಕ್ಕೆಯ ಅಗಲ 11 ಮೀಟರ್. ತೆಂಗಿನ ಕಾಂಡ ಬಗ್ಗುವುದೂ ಇಲ್ಲ.

ಭತ್ತದ ಗದ್ದೆಯಲ್ಲಿ ಕಾಲ ನೋಡಬೇಕು. ಏಣೆಲು ಬೆಳೆಯ ಮಳೆಗಾಲದಲ್ಲಿ ನೀರು ನಿಂತ ಕೆಸರು, ಮುಂದಿನ ಚಕ್ರ ಹೂತು ವಿಮಾನ ಮಗುಚಬಹುದು. ತಗ್ಗಿನ ಬೈಲು ಗದ್ದೆಗಳಲ್ಲಿ ಸುಗ್ಗಿ, ಕೊಳಕೆ (ಎರಡನೇ, ಮೂರನೇ) ಬೆಳೆ ಇದ್ದರೆ ಆಮೇಲೂ ತೇವ ಇರುತ್ತದೆ. ಎತ್ತರದ ಮಜಲು, ಬೆಟ್ಟು ಗದ್ದೆಗಳು ಬೇಗ ಒಣಗುತ್ತವೆ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಗಟ್ಟಿ ನೆಲ, ಆದರೆ ಅವು ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ, ಮೆಟ್ಟಿಲಿಗೊಂದು ಪುಣಿ (ಗದ್ದೆಯ ಬದು). ಪುಣಿಗೆ ಅಡ್ಡವಾಗಿ ಇಳಿದರೆ ಚಕ್ರ ಕಿತ್ತುಹೋಗುತ್ತದೆ. ಉದ್ದನೆಯ ಗದ್ದೆ ಹಿಡಿದು ಪುಣಿಯ ಉದ್ದಕ್ಕೇ ಇಳಿಯಿರಿ, ಗಾಳಿ ಸ್ವಲ್ಪ ಅಡ್ಡವಾದರೂ ಸರಿ. ಕೆಸರೋ ಪುಣಿಯೋ ಅಂತ ಆರಿಸಲೇಬೇಕಾಗಿ ಬಂದರೆ ನಾನು ಕೆಸರು ಆರಿಸುತ್ತೇನೆ. ಮಗುಚಿದರೂ ಬೆಲ್ಟ್ ಹಿಡಿದಿಡುತ್ತದೆ.

ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಕರಾವಳಿಯ ಒಳ್ಳೆಯ ಜಾಗ. ಗಟ್ಟಿ, ಚಪ್ಪಟೆ, ಹುಲ್ಲು, ಮರ ಕಡಿಮೆ. ಎರಡು ಅಪಾಯ ಮಾತ್ರ. ಕಲ್ಲು ಕಡಿದ ಕೋರೆಗಳು ಓರೆಯಾಗಿ ನೋಡಿದಾಗ ಕಾಣುವುದೇ ಇಲ್ಲ, ಮೇಲೆ ಬಂದಾಗಲೇ ಕೆಂಪು ಗೋಡೆಯ ಹೊಂಡ ಬಾಯಿ ತೆರೆಯುತ್ತದೆ. ಅದಕ್ಕೇ ಸಮಯ ಇದ್ದರೆ ಪದವಿನ ಪಕ್ಕದಲ್ಲಿ ಹಾದು ಒಮ್ಮೆ ಕೆಳಗೆ ನೋಡಬೇಕು. ಇನ್ನೊಂದು, ಪದವಿನ ಅಂಚು ಕಡಿದಾಗಿ ಇಳಿಯುತ್ತದೆ. ಕೊನೆಯ ತುದಿಯವರೆಗೆ ಓಡುವ ಲೆಕ್ಕ ಹಾಕಬೇಡಿ.

ಬೀಚ್? ಮೊದಲು ಹೊಳೆಯುವುದು ಅದೇ, ಅಲ್ವಾ. ನೀರಿನ ಅಂಚಿನ ಒದ್ದೆ ಮರಳು ಗಟ್ಟಿ, ಮೇಲಿನ ಒಣ ಮರಳು ಸಡಿಲ. ಆದರೆ ನಮ್ಮ ತೀರ ಉತ್ತರ ದಕ್ಷಿಣವಾಗಿ ಚಾಚಿದೆ, ಮಧ್ಯಾಹ್ನದ ಗಾಳಿ ಪಶ್ಚಿಮದಿಂದ, ಪೂರ್ತಿ ಅಡ್ಡಗಾಳಿ. 152ರ ಕೈಪಿಡಿ 12 ನಾಟ್, 172ರದ್ದು 15 ನಾಟ್ ಅಡ್ಡಗಾಳಿಯವರೆಗೆ ತೋರಿಸಿಕೊಟ್ಟಿದೆ. ಮಲ್ಪೆ, ಪಣಂಬೂರಿನಲ್ಲಿ ಸಂಜೆ ಮಕ್ಕಳು ಮರಿ ತುಂಬಿರುತ್ತಾರೆ, ನಿಂತ ಎಂಜಿನ್ ಸದ್ದು ಮಾಡುವುದಿಲ್ಲ, ಅವರಿಗೆ ನೀವು ಬರುವುದು ಗೊತ್ತಾಗುವುದಿಲ್ಲ. ಜನ ಇರುವ ಬೀಚಿಗೆ ಇಳಿಯುವ ಯೋಚನೆಯನ್ನೇ ಬಿಡಿ. ಜನ ಇಲ್ಲದ ಬೀಚಿನಲ್ಲೂ ದಡದಿಂದ ಬಲೆ ಎಳೆಯುವ ಕೈರಂಪಣಿ ದೋಣಿ, ಕಡಲ್ಕೊರೆತಕ್ಕೆ ಹಾಕಿದ ಬಂಡೆಗಳು, ನದಿ ಬಾಯಿಗಳನ್ನು ನೋಡಿಕೊಳ್ಳಿ.

ರಾಷ್ಟ್ರೀಯ ಹೆದ್ದಾರಿ 66 ಮೇಲಿನಿಂದ ರನ್‌ವೇ ತರಹ ಕಾಣುತ್ತದೆ. ಡಿವೈಡರ್, ಬೀದಿದೀಪದ ಕಂಬ, ಫ್ಲೈಓವರ್, ಬಸ್ಸು. ಬೇಡ. ಕೊಂಕಣ ರೈಲ್ವೆ ಹಳಿಯ ಮೇಲೆ ಈಗ ವಿದ್ಯುತ್ ತಂತಿ ಇದೆ. ಶಾಲೆಯ ಮೈದಾನ ಸಣ್ಣದು, ಸುತ್ತ ಕಂಪೌಂಡು, ಒಳಗೆ ಮಕ್ಕಳು. 172ಕ್ಕೆ ನೆಲದ ಮೇಲೆ ಓಡಲು ಮಾತ್ರವೇ ಸುಮಾರು 175 ಮೀಟರ್ ಬೇಕು, 50 ಅಡಿಯ ಮರ ದಾಟಿ ಬರಬೇಕಿದ್ದರೆ 400 ಮೀಟರ್.

ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಟವರ್ ಕಂಡರೆ ಮಧ್ಯೆ ತಂತಿ ಇದೆ ಅಂತಲೇ ತಿಳಿಯಿರಿ. ಎಲ್ಲೂರಿನಿಂದ ಹಾಸನದ ಕಡೆ ಹೋಗುವ 400 ಕೆವಿ ಲೈನಿನ ಟವರುಗಳು ದೂರದಿಂದಲೇ ಗೊತ್ತಾಗುತ್ತವೆ, ಆದರೆ ಗದ್ದೆಯ ಮೂಲೆಯ ಪಂಪ್ ಶೆಡ್ಡಿಗೆ ಹೋಗುವ ಎರಡೆಳೆ ತಂತಿ ಕೊನೆಯ ಕ್ಷಣದವರೆಗೂ ಕಾಣದು. ಶೆಡ್ಡು ಅಥವಾ ಒಂಟಿ ಮನೆ ಕಂಡರೆ ಅಲ್ಲಿಗೆ ಎಲ್ಲಿಂದಲೋ ಕರೆಂಟು ಬಂದಿರಲೇಬೇಕು.

ಹೆಜ್ಜೆ 3: ಮತ್ತೆ ಎಂಜಿನ್ ಸ್ಟಾರ್ಟ್ ಮಾಡಲು ಪ್ರಯತ್ನ

ಜಾಗಕ್ಕೆ ತಿರುಗಿದ ಮೇಲೆ, ಅದರ ಕಡೆ ಹೋಗುತ್ತಾ ಇದನ್ನು ಮಾಡಿ. ಕೈ ನೆಲದಿಂದ ಶುರುವಾಗಿ ಮೇಲೆ, ಆಮೇಲೆ ಬಲದಿಂದ ಎಡಕ್ಕೆ ಹೋಗಲಿ. 172ರಲ್ಲಿ ಫ್ಯೂಯೆಲ್ ಸಿಲೆಕ್ಟರ್ "ಬೋತ್"ನಲ್ಲಿ, 152ರಲ್ಲಿ ಶಟ್‌ಆಫ್ ವಾಲ್ವ್ ಆನ್. ಮಿಕ್ಸ್ಚರ್ (ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅನ್ನುವ ಗುಂಡಿ) ಪೂರ್ತಿ ಒಳಗೆ. ಥ್ರಾಟಲ್ (ಪವರ್ ಗುಂಡಿ) ಸ್ವಲ್ಪ ಒಳಗೆ. ಕಾರ್ಬ್ ಹೀಟ್ ಆನ್, ಇಂಜೆಕ್ಷನ್ ಮಾಡೆಲ್ ಆದರೆ ಆಕ್ಸಿಲರಿ ಫ್ಯೂಯೆಲ್ ಪಂಪ್ ಆನ್. ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸ್ವಿಚ್) "ಬೋತ್"ನಲ್ಲಿ. ಪ್ರೈಮರ್ (ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ತಳ್ಳುವ ಕೈಪಂಪು) ಇದ್ದರೆ ಒಳಗೆ ಒತ್ತಿ ಲಾಕ್ ಆಗಿದೆಯಾ ನೋಡಿ. ಪ್ರೊಪೆಲ್ಲರ್ ತಿರುಗುತ್ತಲೇ ಇದ್ದರೆ ಸ್ಟಾರ್ಟರ್ ಬೇಡ, ಪೂರ್ತಿ ನಿಂತಿದ್ದರೆ ಮಾತ್ರ ಕೀ ತಿರುಗಿಸಿ.

ಕಾರ್ಬ್ ಹೀಟ್ ಬಿಸಿಯಾಗುವುದು ಎಂಜಿನ್ನಿನ ಉಳಿದ ಶಾಖದಿಂದ. ತಡ ಮಾಡಿದಷ್ಟೂ ಅದು ತಣ್ಣಗಾಗುತ್ತದೆ, ಹಾಗಾಗಿ ಇದೊಂದನ್ನು ಸ್ಪೀಡ್ ಸರಿಮಾಡುವಾಗಲೇ ಎಳೆದುಬಿಡುವ ಅಭ್ಯಾಸ ಒಳ್ಳೆಯದು. ಒಂದು ಸುತ್ತು ಮಾಡಿ, ಆಗಲಿಲ್ಲವೆಂದರೆ ಬಿಟ್ಟುಬಿಡಿ. ಎಂಜಿನ್ ಬದುಕಿಸುವ ಹಟದಲ್ಲಿ ಗದ್ದೆ ಕೈಬಿಟ್ಟುಹೋಗಬಾರದು.

ಹೆಜ್ಜೆ 4: ರೇಡಿಯೊ

ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ ಹೇಳಿ, ಉತ್ತರ ಬರದಿದ್ದರೆ ತುರ್ತು ಫ್ರೀಕ್ವೆನ್ಸಿ 121.5. ಮೂರು ಸಲ ಮೇಡೇ ಅನ್ನುವ ಅಪಾಯದ ಕರೆ, ವಿಮಾನದ ಕಾಲ್‌ಸೈನ್, ಎಂಜಿನ್ ಫೇಲ್, ಎಲ್ಲಿದ್ದೀರಿ, ಎಷ್ಟು ಎತ್ತರ, ಎಲ್ಲಿ ಇಳಿಯುತ್ತೀರಿ, ಒಳಗೆ ಎಷ್ಟು ಜನ. "ಕಾಪು ಲೈಟ್‌ಹೌಸಿನಿಂದ ಪೂರ್ವಕ್ಕೆ 3 ಮೈಲಿ" ಅನ್ನುವಷ್ಟು ಗುರುತು ಸಾಕು. ಟ್ರಾನ್ಸ್‌ಪಾಂಡರಿನಲ್ಲಿ (ರೇಡಾರ್‌ಗೆ ನಿಮ್ಮ ಗುರುತು ಕಳಿಸುವ ಉಪಕರಣ) ತುರ್ತು ಕೋಡ್ 7700. ಸಮಯ ಇಲ್ಲದಿದ್ದರೆ ಇದನ್ನು ಬಿಟ್ಟರೂ ನಡೆಯುತ್ತದೆ, ಸ್ಪೀಡ್ ಬಿಡಬಾರದು.

ಹೆಜ್ಜೆ 5: ಇಳಿಯುವ ದಾರಿ

ನೇರ ಗದ್ದೆಗೆ ನುಗ್ಗಬೇಡಿ. ಗದ್ದೆಯ ಪಕ್ಕದಲ್ಲಿ, ಇಳಿಯುವ ತುದಿಗೆ ಸಮವಾಗಿ ಬರುವಾಗ ನೆಲದಿಂದ ಸುಮಾರು 1000 ಅಡಿ ಇರುವ ಹಾಗೆ ನೋಡಿಕೊಳ್ಳಿ. ಎತ್ತರ ಜಾಸ್ತಿ ಇದ್ದರೆ ಗದ್ದೆ ಬಿಟ್ಟು ದೂರ ಹೋಗಿ ಖರ್ಚು ಮಾಡಬೇಡಿ, ಅದರ ಹತ್ತಿರವೇ ಸುತ್ತು ಹಾಕಿ ಖರ್ಚು ಮಾಡಿ. ಅಲ್ಲಿಂದ ಗದ್ದೆಗೆ ಅಡ್ಡವಾಗಿ ಹೋಗುವ ಬೇಸ್ ಲೆಗ್‌ಗೆ ತಿರುಗುವುದು ಎಲ್ಲಿ ಅನ್ನುವುದನ್ನು ಕಣ್ಣೇ ಹೇಳಬೇಕು. ಗುರಿ ಗಾಜಿನಲ್ಲಿ ಮೇಲೇರುತ್ತಾ ಕಂಡರೆ ನೀವು ಮುಟ್ಟುವುದಿಲ್ಲ, ಬೇಗ ತಿರುಗಿ. ಕೆಳಗೆ ಜಾರುತ್ತಾ ಕಂಡರೆ ದಾಟಿಹೋಗುತ್ತೀರಿ, ಸ್ವಲ್ಪ ತಡವಾಗಿ ತಿರುಗಿ ಅಥವಾ ಫ್ಲಾಪ್ (ಇಳಿತ ಕಡಿದಾಗಿಸುವ, ರೆಕ್ಕೆಯ ಹಿಂಬದಿಯ ಹಲಗೆ) ಹಾಕಿ.

ಗುರಿಯನ್ನು ಗದ್ದೆಯ ಮೊದಲ ಅಂಚಿಗೆ ಇಡಬೇಡಿ. ಮೂರನೇ ಒಂದು ಭಾಗ ಒಳಗೆ ಇಡಿ. ಮುಟ್ಟುವುದು ಖಂಡಿತ ಅಂತ ಆದ ಮೇಲೆ ಫ್ಲಾಪ್ ಇಳಿಸುತ್ತಾ ಗುರಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಹೆಚ್ಚಿನ ಎತ್ತರವನ್ನು ಫ್ಲಾಪಿನಿಂದಲೋ ಸ್ಲಿಪ್ಪಿನಿಂದಲೋ (ವಿಮಾನವನ್ನು ಓರೆಯಾಗಿ ಜಾರಿಸಿ) ಕಳೆಯಬಹುದು, ಕಡಿಮೆ ಇರುವ ಎತ್ತರವನ್ನು ಎಲ್ಲಿಂದಲೂ ತರಲಾಗುವುದಿಲ್ಲ. ಗದ್ದೆಯ ಕೊನೆಯ ಬೇಲಿಗೆ 20 ನಾಟ್‌ನಲ್ಲಿ ತಾಗುವುದು, ಮೊದಲ ಬೇಲಿಯ ತೆಂಗಿನ ಮರಕ್ಕೆ 60ರಲ್ಲಿ ಬಡಿಯುವುದಕ್ಕಿಂತ ಎಷ್ಟೋ ಮೇಲು.

ಹೆಜ್ಜೆ 6: ಮುಟ್ಟುವ ಮೊದಲು

ಮಿಕ್ಸ್ಚರ್ ಹೊರಗೆ, ಫ್ಯೂಯೆಲ್ ಆಫ್, ಮ್ಯಾಗ್ನೆಟೊ ಆಫ್. ಬೆಂಕಿಗೆ ಕಾರಣವಾಗುವುದನ್ನೆಲ್ಲ ಕೊಂದುಬಿಡಿ. ಸೆಸ್ನಾದ ಫ್ಲಾಪ್ ಕರೆಂಟಿನಿಂದ ನಡೆಯುತ್ತದೆ, ಅದಕ್ಕೇ ಕೊನೆಯ ಫ್ಲಾಪ್ ಇಳಿಸಿದ ಮೇಲೆಯೇ ಮಾಸ್ಟರ್ ಸ್ವಿಚ್ ಆಫ್. ಬೆಲ್ಟ್ ಬಿಗಿ. ಬಾಗಿಲಿನ ಚಿಲಕ ತೆಗೆದು ಸ್ವಲ್ಪ ತೆರೆದಿಡಿ, ಬಡಿದಾಗ ಚೌಕಟ್ಟು ಬಾಗಿ ಬಾಗಿಲು ಕಚ್ಚಿಕೊಳ್ಳಬಾರದು. ಹಿಂದಿನ ಚಕ್ರಗಳು ಮೊದಲು ಮುಟ್ಟುವಂತೆ, ಎಷ್ಟು ನಿಧಾನವೋ ಅಷ್ಟು ನಿಧಾನ, ಮೂತಿ ಎತ್ತಿ ಹಿಡಿದೇ ಇರಿ.

ಇಲ್ಲಿಂದ ಮುಂದೆ ವಿಮಾನದ ಬಗ್ಗೆ ಚಿಂತೆ ಮಾಡಬೇಡಿ. ಅದು ವಿಮೆಯವರ ಸೊತ್ತು. ರೆಕ್ಕೆ ಮುರಿಯಲಿ, ಚಕ್ರ ಹೋಗಲಿ, ಕ್ಯಾಬಿನ್ ಉಳಿಯಲಿ. 45 ನಾಟ್ ಅಂದರೆ ಗಂಟೆಗೆ ಸುಮಾರು 83 ಕಿಲೋಮೀಟರ್. ಬೆಲ್ಟ್ ಕಟ್ಟಿದ ಮನುಷ್ಯ ಕ್ಷಣಕಾಲ 9 ಜಿ (ತನ್ನ ತೂಕದ 9 ಪಟ್ಟು ಬಲ) ತಡೆದುಕೊಳ್ಳಬಲ್ಲ, ಅಷ್ಟರಲ್ಲಿ ಸಮನಾಗಿ ನಿಲ್ಲಲು ಬೇಕಾದದ್ದು ಬರೀ 3 ಮೀಟರ್. ಪೊದೆ, ಪೈರು, ಬೇಲಿ, ರೆಕ್ಕೆ ಎಲ್ಲವೂ ಆ 3 ಮೀಟರನ್ನು ಕೊಡಬಲ್ಲವು. ಗಟ್ಟಿ ಗೋಡೆಗೆ ಮೂತಿ ಕೊಡುವುದೊಂದು ಬಿಟ್ಟು.

ಟೇಕಾಫ್ ಆದ ಕೂಡಲೇ ನಿಂತರೆ

ಇಲ್ಲಿ ಮೇಲಿನ ಹೆಜ್ಜೆಗಳಿಗೆಲ್ಲ ಸಮಯ ಇಲ್ಲ. ಮೂತಿ ಕೆಳಗೆ, ಮುಂದೆ ಎಡಬಲ 30 ಡಿಗ್ರಿ ಒಳಗೆ ಸಿಕ್ಕ ಜಾಗ, ಅಷ್ಟೇ. ಹಿಂದೆ ರನ್‌ವೇ ಇದೆಯಲ್ಲ ಅಂತ ತಿರುಗುವ ಆಸೆಯೇ ಜೀವ ತೆಗೆಯುವುದು. ಅದೇ ಗೆರೆಗೆ ವಾಪಸ್ ಬರಲು 180 ಡಿಗ್ರಿ ಸಾಲದು, ಒಟ್ಟು 270ರ ಹತ್ತಿರ ತಿರುಗಬೇಕಾಗುತ್ತದೆ. ಕಡಿದಾಗಿ ತಿರುಗಿದರೆ 45 ಡಿಗ್ರಿ ಬ್ಯಾಂಕಿನಲ್ಲಿ (ರೆಕ್ಕೆ ಅಷ್ಟು ವಾಲಿದಾಗ) ಸ್ಟಾಲ್ ಸ್ಪೀಡ್ 19 ಶೇಕಡಾ, 60ರಲ್ಲಿ 41 ಶೇಕಡಾ ಏರುತ್ತದೆ. ಎಷ್ಟು ಎತ್ತರದ ಮೇಲೆ ಮಾತ್ರ ತಿರುಗುವ ಯೋಚನೆ ಮಾಡಬಹುದು ಅನ್ನುವುದನ್ನು ಇನ್‌ಸ್ಟ್ರಕ್ಟರ್ ಜೊತೆ ಸುರಕ್ಷಿತ ಎತ್ತರದಲ್ಲಿ ಅಳೆದು, ಪ್ರತಿ ಟೇಕಾಫ್ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಿ.

ಬಜ್ಪೆಯ ರನ್‌ವೇ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲೆ, ತುದಿಯಲ್ಲಿ ಕಡಿದು ಇಳಿಜಾರು) ಅಂತ 2010ರ ಮೇ 22ರ ವಿಮಾನ ದುರಂತದ ನಂತರ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರ ಉದ್ದ 2450 ಮೀಟರ್. ಅಂಥ ರನ್‌ವೇಯ ತುದಿಯಿಂದ 172 ಹೊರಟರೆ 200 ಅಡಿ ಏರಿದಾಗಲೂ ಮುಂದೆ ಬೇಕಾದಷ್ಟು ರನ್‌ವೇ ಉಳಿದಿರುತ್ತದೆ, ಫ್ಲಾಪ್ ಹಾಕಿ ಅದರ ಮೇಲೆಯೇ ಇಳಿಯಬಹುದು. ಮಧ್ಯದ ಟ್ಯಾಕ್ಸಿವೇಯಿಂದ ಹೊರಡುವುದು ಅನುಕೂಲ ಅನ್ನಿಸಿದರೂ ಕಲಿಯುವವರು ಪೂರ್ತಿ ಉದ್ದ ಕೇಳಿ ಪಡೆಯಿರಿ.

ಅರ್ಧ ನಿಂತ ಎಂಜಿನ್

ಪೂರ್ತಿ ನಿಂತರೆ ಕನಿಷ್ಠ ನಿರ್ಧಾರ ಸುಲಭ. ಅರ್ಧ ಪವರ್ ಇದ್ದಾಗ "ಹೇಗೋ ಏರ್‌ಪೋರ್ಟ್ ಮುಟ್ಟಿಸಬಹುದು" ಅಂತ ಒಳ್ಳೆಯ ಗದ್ದೆಗಳನ್ನು ದಾಟಿ, ಗುಡ್ಡ ಮತ್ತು ಊರಿನ ಮೇಲೆ ಹೋಗಿ ಸಿಕ್ಕಿಬೀಳುತ್ತಾರೆ. ಆಯಿಲ್ ಪ್ರೆಶರ್ ಇಳಿದು ಉಷ್ಣತೆ ಏರುತ್ತಿದ್ದರೆ ಎಂಜಿನ್ ಬೇಗ ನಿಲ್ಲುತ್ತದೆ ಅಂತಲೇ ಎಣಿಸಿ. ಉಳಿದ ಪವರನ್ನು ಒಳ್ಳೆಯ ಜಾಗದ ಮೇಲೆ ಎತ್ತರ ಕಾಯಲು ಬಳಸಿ, ಮತ್ತು ಯಾವ ಕ್ಷಣ ನಿಂತರೂ ಇಳಿಯಲು ಜಾಗ ಇರುವ ದಾರಿಯನ್ನೇ ಹಿಡಿಯಿರಿ.

ಸಮುದ್ರ ಒಂದೇ ಉಳಿದರೆ

ಗಾಳಿ ಕಡಿಮೆ, ದೊಡ್ಡ ಅಲೆ ಇದ್ದರೆ ಅಲೆಗೆ ಸಮಾನಾಂತರವಾಗಿ, ಗಾಳಿ ತುಂಬ ಜೋರಿದ್ದರೆ ಗಾಳಿಗೆ ಎದುರಾಗಿ ಇಳಿಯಿರಿ. ಚಕ್ರ ನೀರಿಗೆ ತಾಗಿದ ಕೂಡಲೇ ವಿಮಾನ ಮೂತಿ ಕುಕ್ಕುತ್ತದೆ, ಮಗುಚಲೂಬಹುದು. ಬಾಗಿಲು ಮೊದಲೇ ತೆರೆದಿರಬೇಕು. ಲೈಫ್ ಜಾಕೆಟ್‌ಗೆ ಒಳಗೆ ಇರುವಾಗ ಗಾಳಿ ತುಂಬಬೇಡಿ, ತುಂಬಿದರೆ ಅದು ನಿಮ್ಮನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ. ಮೀನುಗಾರಿಕೆ ದೋಣಿ ಕಂಡರೆ ಅದರ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ ಇಳಿಯಿರಿ. ನಮ್ಮ ಮೀನುಗಾರರಷ್ಟು ಬೇಗ ಬೇರೆ ಯಾರೂ ಬರಲಾರರು. ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಕಡಲೂ ಹುಚ್ಚೆದ್ದಿರುತ್ತದೆ. ಆ ಎರಡು ತಿಂಗಳು ತೀರಕ್ಕೆ ಗ್ಲೈಡ್ ಮಾಡಲಾಗದಷ್ಟು ದೂರ ಹೋಗಲೇಬಾರದು.

ನಿಂತ ಮೇಲೆ

ಎಲ್ಲರನ್ನೂ ಇಳಿಸಿ, ಗಾಳಿ ಬರುವ ಕಡೆಗೆ ದೂರ ಹೋಗಿ. ನಮ್ಮೂರಿನಲ್ಲಿ ಐದು ನಿಮಿಷದಲ್ಲಿ ಜನ ಸೇರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಬೀಡಿ ಸಿಗರೇಟು ಹಚ್ಚದಂತೆ ಗಟ್ಟಿಯಾಗಿ ಹೇಳಿ, ಪೆಟ್ರೋಲ್ ಸೋರುತ್ತಿರಬಹುದು. 112ಕ್ಕೆ ಫೋನ್ ಮಾಡಿ, ಸಮುದ್ರದ ಸಂಗತಿಯಾದರೆ ಕೋಸ್ಟ್ ಗಾರ್ಡಿನ 1554. ಜನರನ್ನು ಹೊರತೆಗೆಯಲು ಬೇಕಾದದ್ದು ಬಿಟ್ಟು ವಿಮಾನವನ್ನು ಅಲುಗಿಸಬಾರದು, ತನಿಖೆಗೆ ಅದು ಹಾಗೆಯೇ ಬೇಕು.

ಮನೆಯಲ್ಲಿ ಕೂತು ಕಲಿಯುವುದು

ಕಾಕ್‌ಪಿಟ್ಟಿನ ದೊಡ್ಡ ಫೋಟೊ ಗೋಡೆಗೆ ಅಂಟಿಸಿ, ಕಣ್ಣು ಮುಚ್ಚಿ ಸಿಲೆಕ್ಟರಿನಿಂದ ಮ್ಯಾಗ್ನೆಟೊವರೆಗೆ ಕೈ ಆಡಿಸಿ. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಸುಮ್ನೆ ಮೊಬೈಲ್ ನೋಡುವ ಬದಲು ಕಿಟಕಿಯಾಚೆ ಗದ್ದೆ ಆರಿಸಿ: ಗಾಳಿ ಎಲ್ಲಿಂದ, ಪುಣಿ ಯಾವ ದಿಕ್ಕಿಗೆ, ತಂತಿ ಎಲ್ಲಿ. ಇನ್‌ಸ್ಟ್ರಕ್ಟರ್ ಜೊತೆ ಹಾರುವಾಗ, ಹೇಳದೆ ಕೇಳದೆ ಥ್ರಾಟಲ್ ಎಳೆಯಲು ಅವರನ್ನೇ ಕೇಳಿಕೊಳ್ಳಿ, ಯಾಕೆಂದರೆ ಗೊತ್ತಿದ್ದು ಮಾಡುವ ಅಭ್ಯಾಸದಲ್ಲಿ ಆ ಮೊದಲ ಕೆಲವು ಸೆಕೆಂಡಿನ ಗಾಬರಿ ಬರುವುದೇ ಇಲ್ಲ. ಇಳಿಯುವಾಗ ಪ್ರತಿ 500 ಅಡಿಗೊಮ್ಮೆ ಪವರ್ ಕೊಟ್ಟು ಎಂಜಿನ್ ಬೆಚ್ಚಗಿಡಿ, ಮತ್ತು ಯಾವ ಎತ್ತರಕ್ಕೆ ಬಂದಾಗ ಅಭ್ಯಾಸ ನಿಲ್ಲಿಸಿ ಮೇಲೇರಬೇಕು ಅನ್ನುವುದನ್ನು ಹೊರಡುವ ಮೊದಲೇ ಇಬ್ಬರೂ ಒಪ್ಪಿಕೊಂಡಿರಿ.